ಸಾಂಟಿಯಾಗೊದಿಂದ ಬ್ಯೂನಸ್ ಐರಿಸ್‌ಗೆ ವಿಮಾನದಲ್ಲಿ ಎಷ್ಟು ಹೊತ್ತು?

ಪ್ರಶ್ನೆ: ನಮಸ್ಕಾರ. ಜುಲೈನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಚಿಲಿಯ ಸಾಂಟಿಯಾಗೊದಿಂದ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ಗೆ ಹೋಗಿಬರಬೇಕೆಂದಿದ್ದೇವೆ. ಟಿಕೆಟ್ ಪ್ರಕಾರ ಹೋಗುವಾಗ ಬೆಳಿಗ್ಗೆ 10ಕ್ಕೆ ಹೊರಟರೆ ಮಧ್ಯಾಹ್ನ 1ಕ್ಕೆ ಇಳಿಯುತ್ತೇವೆ. ಬರುವಾಗ 10ಕ್ಕೆ ಹೊರಟರೆ 11.25ಕ್ಕೇ ತಲುಪುತ್ತೇವೆ. ಒಂದೇ ದಾರಿಗೆ ಇಷ್ಟು ವ್ಯತ್ಯಾಸ ಏಕೆ? ಬಸ್ಸೇ ವಾಸಿಯೇ?

ಸಾಂಟಿಯಾಗೊದಲ್ಲಿ ನೆಲೆಸಿರುವ ಕನ್ನಡಿಗರೊಬ್ಬರು: ಅದು ಗಡಿಯಾರದ ಲೆಕ್ಕ. ಜುಲೈ ಎಂದರೆ ಇಲ್ಲಿ ಚಳಿಗಾಲ; ಆಗ ಸಾಂಟಿಯಾಗೊ ಬ್ಯೂನಸ್ ಐರಿಸ್‌ಗಿಂತ ಒಂದು ಗಂಟೆ ಹಿಂದಿರುತ್ತದೆ. ಟಿಕೆಟ್ಟಿನಲ್ಲಿ ಎರಡೂ ಕಡೆ ಸ್ಥಳೀಯ ಸಮಯವನ್ನೇ ಹಾಕುತ್ತಾರೆ. ಹಾಗಾಗಿ ಹೋಗುವಾಗ ನಿಜವಾಗಿ ಸುಮಾರು ಎರಡು ಗಂಟೆ, ಬರುವಾಗ ಎರಡು ಗಂಟೆ ಇಪ್ಪತ್ತೈದು ನಿಮಿಷ. ಬರುವಾಗಿನ ಹೆಚ್ಚುವರಿ ಸಮಯ ಎದುರುಗಾಳಿಯದು. ಇಲ್ಲಿ ಮೇಲ್ಗಾಳಿ ಪಶ್ಚಿಮದಿಂದ ಬೀಸುತ್ತದೆ. ಸೆಪ್ಟೆಂಬರ್‌ನಲ್ಲಿ ಚಿಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸಿದ ಮೇಲೆ ಏಪ್ರಿಲ್‌ವರೆಗೆ ಎರಡೂ ಊರುಗಳ ಸಮಯ ಒಂದೇ. ನೇರ ದೂರ ಸುಮಾರು 1,140 ಕಿ.ಮೀ.

ದಯವಿಟ್ಟು ಹಗಲಿನ ವಿಮಾನವನ್ನೇ ಹಿಡಿಯಿರಿ. ಹೋಗುವಾಗ ಎಡಗಡೆಯ ಕಿಟಕಿ, ಬರುವಾಗ ಬಲಗಡೆಯದು. ಸಾಂಟಿಯಾಗೊ ಬಿಟ್ಟು ಎತ್ತರಕ್ಕೆ ಏರುತ್ತಿದ್ದಂತೆ ಆಂಡಿಸ್ ಸಾಲು ಬಂದೇಬಿಡುತ್ತದೆ. ಉತ್ತರಕ್ಕೆ, ಅಂದರೆ ನಿಮ್ಮ ಎಡಕ್ಕೆ, ಸುತ್ತಲಿನ ಶಿಖರಗಳನ್ನೆಲ್ಲ ಮೀರಿ ನಿಂತಿರುವುದೇ ಅಕೊಂಕಾಗುವಾ: 6,961 ಮೀಟರ್, ಏಷ್ಯಾದ ಹೊರಗೆ ಇದಕ್ಕಿಂತ ಎತ್ತರದ ಪರ್ವತವಿಲ್ಲ. ಮೋಡವಿಲ್ಲದ ದಿನ ಅದರ ದಕ್ಷಿಣದ ಕಡಿದಾದ ಹಿಮಗೋಡೆ ಸ್ಪಷ್ಟವಾಗಿ ಕಾಣುತ್ತದೆ. ಅಪ್ಪ ಅಮ್ಮನಿಗೆ ಮೊದಲೇ ಹೇಳಿಡಿ, ಅಲ್ಲಿ ವಿಮಾನ ಕುಲುಕುವುದುಂಟು. ಪಶ್ಚಿಮದ ಗಾಳಿ ಬೆಟ್ಟಕ್ಕೆ ಬಡಿದು ಮೇಲೆದ್ದು, ಆಚೆ ಬದಿಯಲ್ಲಿ ಅಲೆಅಲೆಯಾಗಿ ಇಳಿಯುವುದೇ ಕಾರಣ. ಸಿಬ್ಬಂದಿ ಕಾಫಿ ಕೊಡುವುದನ್ನು ನಿಲ್ಲಿಸಿ ತಾವೂ ಕುಳಿತು ಬೆಲ್ಟ್ ಕಟ್ಟಿಕೊಳ್ಳುತ್ತಾರೆ. ಗಾಬರಿಪಡುವಂಥದ್ದೇನೂ ಅಲ್ಲ.

ರಸ್ತೆಯಲ್ಲಿ ಹೋಗಿಬಂದವರು: ಜುಲೈನಲ್ಲಿ ಹಿರಿಯರೊಂದಿಗೆ ಬಸ್ ಬೇಡ. ರಸ್ತೆಯಲ್ಲಿ ಸುಮಾರು 1,400 ಕಿ.ಮೀ., ಹೆಚ್ಚುಕಡಿಮೆ ಒಂದು ಹಗಲು, ಒಂದು ರಾತ್ರಿ. ಗಡಿಯ ಸುರಂಗ 3,000 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ; ಹಿಮ ಬಿದ್ದರೆ ಲಿಬೆರ್ತಾದೋರೆಸ್ ಕಣಿವೆ ದಾರಿಯನ್ನು ಮುಚ್ಚುತ್ತಾರೆ, ಕೆಲವೊಮ್ಮೆ ದಿನಗಟ್ಟಲೆ. ಬೇಸಿಗೆಯಲ್ಲಿ ಬಂದರೆ ಮಾತ್ರ ಗಡಿಯಾಚೆ ಅರ್ಜೆಂಟೀನಾದಲ್ಲಿರುವ ಮೆಂಡೋಸಾವರೆಗಾದರೂ ಬಸ್ಸಿನಲ್ಲೇ ಹೋಗಿ. ಚಿಲಿ ಬದಿಯ ಕರಕೋಲೆಸ್ ತಿರುವುಗಳನ್ನು ಬಸ್ಸು ಒಂದೊಂದಾಗಿ ಹತ್ತುವಾಗ, ಈಗಷ್ಟೇ ದಾಟಿದ ರಸ್ತೆ ಕಾಲಕೆಳಗೆ ಮಡಿಕೆ ಮಡಿಕೆಯಾಗಿ ಬಿದ್ದಿರುವುದು ಕಾಣುತ್ತದೆ. ನನಗೆ ಆ ದಾರಿಯೆಂದರೆ ಪ್ರಾಣ.

ಇನ್ನೊಬ್ಬರು: ಬ್ಯೂನಸ್ ಐರಿಸ್‌ನಲ್ಲಿ ಯಾವ ವಿಮಾನ ನಿಲ್ದಾಣ ಎಂದು ನೋಡಿಯೇ ಟಿಕೆಟ್ ಮಾಡಿಸಿ. ಆಯೆರೋಪಾರ್ಕೆ ಊರೊಳಗೇ, ನದಿ ದಂಡೆಯಲ್ಲಿದೆ. ಎಸೆಯಿಸಾ ನಗರದ ಹೊರಗೆ. ಟ್ರಾಫಿಕ್ ಇದ್ದರೆ ಟ್ಯಾಕ್ಸಿಯಲ್ಲಿ ಒಂದು ಗಂಟೆ ಮೀರಬಹುದು. ಸ್ವಲ್ಪ ದುಬಾರಿಯಾದರೂ ನಾನು ಆಯೆರೋಪಾರ್ಕೆಯನ್ನೇ ಆರಿಸಿಕೊಳ್ಳುತ್ತೇನೆ. ಚಿಲಿಗೆ ಮರಳುವಾಗ ಹಣ್ಣು, ಬೀಜ, ಜೇನುತುಪ್ಪದ ತಪಾಸಣೆ ಬಹಳ ಬಿಗಿ, ಮುಚ್ಚಿಟ್ಟರೆ ದಂಡ. ಚಟ್ನಿಪುಡಿ, ಬೇಳೆ ಏನಿದ್ದರೂ ಘೋಷಣಾ ಪತ್ರದಲ್ಲಿ ಬರೆದುಬಿಡಿ. ಬೇಡವೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಅಷ್ಟೇ. ಕೈಚೀಲದಲ್ಲಿ ಸೇಬು ಉಳಿದಿದ್ದರೆ ವಿಮಾನದಲ್ಲೇ ತಿಂದು ಮುಗಿಸಿ.