ಎಲ್4-ಎಲ್5 ಡಿಸ್ಕ್: ಕೀಹೋಲ್ ಆಪರೇಷನ್ ಮಾಡಿಸಿಕೊಂಡವರು ಹೇಳಿ

ಕೇಳಿದವರು: ಎರಡು ವರ್ಷದಿಂದ ಸೊಂಟ ನೋವು. ಈಗ ಎಡಗಾಲಿಗೂ ಇಳಿದಿದೆ. ಸೊಂಟದ ನಾಲ್ಕು-ಐದನೇ ಮೂಳೆ ನಡುವಿನ ಮೆತ್ತೆ (ಎಲ್4-ಎಲ್5 ಡಿಸ್ಕ್) ಜಾರಿದೆ, ಕುತ್ತಿಗೆಯಲ್ಲೂ ಐದು-ಆರನೇ ಮೂಳೆ ನಡುವಿನದು (ಸಿ5-ಸಿ6) ಉಬ್ಬಿದೆ. ಎಂಡೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಕೊಳವೆ ಇಳಿಸಿ, ಸೊಂಟದ್ದು ಮೊದಲು ತೆಗೆಸಿ ಅಂತ ಡಾಕ್ಟರ್ ಹೇಳ್ತಿದ್ದಾರೆ. ಭಯ ಆಗುತ್ತಿದೆ.

ಟೈಲರ್: ನನಗೆ ಆಗಿ ಮೂರು ವರ್ಷ. ಗಾಯ 1 ಸೆಂಟಿಮೀಟರೂ ಇರಲಿಲ್ಲ, ಮಾರನೇ ದಿನ ಮನೆ. ಕಾಲಿನ ಸೆಳೆತ ಆಸ್ಪತ್ರೆ ಮಂಚದ ಮೇಲೇ ಹೋಗಿತ್ತು. 19ನೇ ದಿನ ಬಚ್ಚಲಲ್ಲಿ ಬಗ್ಗಿ ಅರ್ಧ ಬಕೆಟ್ ನೀರು ಎತ್ತಿದೆ. ಚಳ್ ಅಂತ ಹಿಮ್ಮಡಿವರೆಗೂ ಹೊಡೆಯಿತು. ಮತ್ತೆ ಎಂಆರ್‌ಐ. ಅದೇ ಡಿಸ್ಕ್, ಅದೇ ಜಾಗ. ಎರಡನೇ ಆಪರೇಷನ್. ವಿಮೆಯವರು ಮೊದಲನೇದಕ್ಕೆ ಪೂರ್ತಿ ಕೊಟ್ಟರು. ಎರಡನೇದಕ್ಕೆ ಸ್ಕ್ಯಾನು, ಬೆಲ್ಟು, 22 ದಿನದ ಫಿಸಿಯೋ ಎಲ್ಲ ಕೈಯಿಂದಲೇ. 11 ವಾರ ಹೊಲಿಗೆ ಮಿಷನ್ ಮುಟ್ಟಲಿಲ್ಲ. ಕಾಲು ಸರಿಹೋಯ್ತು, ಸೊಂಟ ನೋವು ಇದ್ದಲ್ಲೇ ಇದೆ.

ಟೀಚರ್: ಬಕೆಟ್ ಎತ್ತಿದ್ದು ನೀವು, ಬೈಗುಳ ಆಪರೇಷನ್‌ಗಾ? ನಾನು ಮೈಕ್ರೋಡಿಸ್ಕೆಕ್ಟಮಿ (ಸೂಕ್ಷ್ಮದರ್ಶಕದಲ್ಲಿ ನೋಡಿ ಜಾರಿದ ಡಿಸ್ಕ್ ತೆಗೆಯೋ ಆಪರೇಷನ್) ಆದಮೇಲೆ ಆರು ವಾರ ಬಗ್ಗಲಿಲ್ಲ, ಸೊಂಟ ತಿರುಗಿಸಲಿಲ್ಲ. ಕಾಲುಚೀಲ ಕೂಡ ಮಗಳೇ ಹಾಕುತ್ತಿದ್ದಳು. ಈಗ ದಿನಾ ಐದು ಪೀರಿಯಡ್ ನಿಂತೇ ಪಾಠ ಮಾಡುತ್ತೇನೆ.

ಟೈಲರ್: ನಾನು ಆಪರೇಷನ್ ಬೈದೇ ಇಲ್ಲ ಮೇಡಂ. ಜೋಪಾನವಾಗಿ ಇದ್ದವರಿಗೂ ಡಿಸ್ಕ್ ಮತ್ತೆ ಜಾರುತ್ತದೆ. ನಿಮಗೆ ಮಗಳಿದ್ದಳು. ನನ್ನ ಮನೆಯಲ್ಲಿ ನೀರು ಎತ್ತೋಕೆ ನಾನೊಬ್ಬನೇ.

ಲಾರಿ ಡ್ರೈವರ್: ನಾನು ಮಾಡಿಸಲೇ ಇಲ್ಲ. ಹತ್ತು ವಾರ ಸೀಟು ಬಿಟ್ಟು ಮನೆಯಲ್ಲಿದ್ದೆ, ಬೆಳಿಗ್ಗೆ ಸಂಜೆ ನಡೆದೆ. ನೋವು ತಾನಾಗೇ ಕಡಿಮೆ ಆಯ್ತು. ಜಾರಿದ ಡಿಸ್ಕ್ ಎಷ್ಟೋ ಜನರಿಗೆ ತಾನೇ ಕುಗ್ಗುತ್ತದೆ. ಸುಮ್ನೆ ಹೆದರಿಸಿ ಕೊಯ್ಯುತ್ತಾರೆ.

ಅಂಗಡಿಯವರು: ಎಲ್ಲರಿಗೂ ಕಾಯಿರಿ ಅನ್ನಬೇಡಿ ಸ್ವಾಮಿ! ನಾನೂ ಕಾದೆ. ನಡೆಯುವಾಗ ಬಲಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿಯುತ್ತಿತ್ತು. ಚಪ್ಪಲಿ ಸಡಿಲ ಅಂತ ಹೊಸದು ತಗೊಂಡೆ. ಅದೂ ಬಿತ್ತು. ಪಾದ ಎತ್ತೋ ನರ ಸೋತಿತ್ತು. ಆಪರೇಷನ್ ಆಯ್ತು, ನೋವು ಹೋಯ್ತು, ಪಾದ ಮಾತ್ರ ಇವತ್ತಿಗೂ ಪೂರ್ತಿ ಏಳಲ್ಲ. ಮೂತ್ರ ಕಟ್ಟಿದರೆ, ತೊಡೆಸಂದು ಜೋಮು ಹಿಡಿದರೆ ಒಂದು ದಿನವೂ ಕಾಯಬಾರದು.

ಲಾರಿ ಡ್ರೈವರ್: ನನಗೆ ಕಾಲಲ್ಲಿ ಶಕ್ತಿ ಇತ್ತು. ಅದನ್ನ ಡಾಕ್ಟರೇ ನೋಡಿ ಕಾಯಿರಿ ಅಂದಿದ್ದು.

ಅಂಗಡಿಯವರು: ಅದನ್ನ ಮೊದಲೇ ಬರೆಯಬೇಕಿತ್ತಲ್ವಾ?

ಕೇಳಿದವರು: ಚಪ್ಪಲಿ ವಿಷಯ ಓದಿ ಎದ್ದು ಹಿಮ್ಮಡಿ ಮೇಲೆ ನಡೆದು ನೋಡಿದೆ. ಎಡಪಾದದ ಮುಂಭಾಗ ಮೇಲೆತ್ತೋಕೆ ಆಗುತ್ತಿಲ್ಲ. ಈಗಲೇ ಆಸ್ಪತ್ರೆಗೆ ಹೊರಟಿದ್ದೇನೆ.

ಟೀಚರ್: ಹೋಗಿ ಬನ್ನಿ. ಟೈಲರ್ ಅವರೇ, ಬಕೆಟ್ ಬಗ್ಗೆ ನಾನಂದಿದ್ದು ಜಾಸ್ತಿ ಆಯ್ತು.