ಕುಂಬಳಬೀಜ: ಯಾವ ಕುಂಬಳ, ಬೀಜವೋ ತಿರುಳೋ?

ಮಾನ್ಯರೆ,

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಬಡಾವಣೆಯಲ್ಲಿ ಕೆಲವು ಕನ್ನಡ ಮಹಿಳೆಯರು ಕುಂಬಳಬೀಜವನ್ನು ಹುರಿದು, ಪುದೀನಾ, ನಿಂಬೆ-ಮೆಣಸು, ಬೆಳ್ಳುಳ್ಳಿ ಖಾರ ಎಂದು ಬಗೆಬಗೆಯ ರುಚಿ ಹಿಡಿಸಿ, ಪೊಟ್ಟಣ ಕಟ್ಟಿ ಮಾರುತ್ತಿದ್ದಾರೆ. ಪೊಟ್ಟಣದ ಮೇಲೆ ಮರಾಠಿಯೊಂದಿಗೆ ಕನ್ನಡದ ಹೆಸರೂ ಇರಬೇಕೆಂದು, ಅದನ್ನು ಬರೆದುಕೊಡುವ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ. ಮರಾಠಿಯ 'ಲಾಲ ಭೋಪಳ್ಯಾಚ್ಯಾ ಬಿಯಾ' (ಸಿಹಿಗುಂಬಳದ ಬೀಜಗಳು) ಎಂಬುದರಲ್ಲಿ ಕಾಯಿ ಯಾವುದೆಂಬ ಸಂದೇಹಕ್ಕೆ ಎಡೆಯಿಲ್ಲ. ಕನ್ನಡದಲ್ಲಿ 'ಕುಂಬಳಕಾಯಿ ಬೀಜ' ಎಂದು ಬರೆದೊಡನೆ ಅದು ಯಾವ ಕುಂಬಳ, ಬೀಜ ಸಿಪ್ಪೆಯೊಡನೆ ಇರುವುದೋ ಸುಲಿದದ್ದೋ ಎಂಬ ಎರಡು ಪ್ರಶ್ನೆಗಳು ಏಳುತ್ತವೆ.

ಮೊದಲನೆಯ ಪ್ರಶ್ನೆಗೆ ಆ ಮಹಿಳೆಯರಲ್ಲೇ ಒಮ್ಮತವಿಲ್ಲ. ಧಾರವಾಡದ ಕಡೆಯವರಿಗೆ ವಿಶೇಷಣವಿಲ್ಲದ 'ಕುಂಬಳಕಾಯಿ' ಎಂದರೆ ಬೆಲ್ಲ ಸೇರಿಸಿ ಗಾರಿಗೆ ಮಾಡುವ, ಒಳಗೆ ಕೇಸರಿ ಬಣ್ಣವಿರುವ ಸಿಹಿ ಕಾಯಿ. ಕರಾವಳಿಯ ಕಡೆಯವರಿಗೆ ಅದೇ ಮಾತು ಮಜ್ಜಿಗೆಹುಳಿಗೆ, ಸಂಡಿಗೆಗೆ, ಕಾಶಿ ಹಲ್ವಕ್ಕೆ ಆಗಿಬರುವ ಬೂದುಗುಂಬಳವನ್ನು ಹೇಳುತ್ತದೆ. ಸಿಹಿಯದನ್ನು ಅವರು ಚೀನಿಕಾಯಿ ಎನ್ನುತ್ತಾರೆ, ತುಳುವಿನಲ್ಲಾದರೆ ಕೆಂಬುಡೆ. ಇಷ್ಟು ಕಾಲ ಈ ಭಿನ್ನತೆ ಯಾರನ್ನೂ ಕಾಡದಿರಲು ಕಾರಣ ಸರಳವಾಗಿದೆ: ಗಾರಿಗೆ ಎಂದಾಗ, ಮಜ್ಜಿಗೆಹುಳಿ ಎಂದಾಗ, ಕಾಯಿ ಯಾವುದೆಂದು ಅಡುಗೆಯೇ ಹೇಳಿಬಿಡುತ್ತದೆ. ಹುರಿದ ಬೀಜದ ಪೊಟ್ಟಣಕ್ಕೆ ಹಾಗೆ ಹೇಳಿಕೊಡುವ ಅಡುಗೆಯಿಲ್ಲ.

ಹಳೆಯ ಅರ್ಥ ಯಾವುದಿರಬೇಕೆಂಬ ಬಗ್ಗೆ ನನ್ನ ಊಹೆ ಬೂದುಗುಂಬಳದ ಕಡೆಗೇ ವಾಲುತ್ತದೆ. 'ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ' ಎಂಬ ಗಾದೆಗೆ ಅರ್ಥ ಬರಬೇಕಾದರೆ ಕದ್ದು ಹೊತ್ತ ಕಾಯಿಯ ಬೂದಿ ಹೆಗಲಿಗೆ ಅಂಟಿರಬೇಕು. ಆಯುಧಪೂಜೆಯ ದಿನ ವಾಹನದ ಮುಂದೆ ಒಡೆಯುವುದೂ ಬೂದುಗುಂಬಳವೇ, ಚಿತ್ರೀಕರಣ ಮುಗಿಸಿದ ತಂಡ 'ಕುಂಬಳಕಾಯಿ ಒಡೆಯಿತು' ಎಂದು ಪತ್ರಿಕೆಗಳು ಬರೆಯುವಾಗ ಉದ್ದೇಶಿಸುವುದೂ ಅದನ್ನೇ. ಮಲಯಾಳದ 'ಕುಂಬಳಙ್ಙ' ಇಂದಿಗೂ ಬೂದುಗುಂಬಳ. ಸಿಹಿಯದಕ್ಕೆ ಅಲ್ಲಿ 'ಮತ್ತಙ್ಙ' ಎಂಬ ಬೇರೆಯದೇ ಹೆಸರಿದೆ. ಸಿಹಿಗುಂಬಳದ ಕುಲ ಅಮೆರಿಕ ಖಂಡದ್ದು. ಮೆಕ್ಸಿಕೋದ ಗಿಲಾ ನಾಕಿಟ್ಸ್ ಗುಹೆಯಲ್ಲಿ ದೊರೆತ, ಸಾಕಿ ಬೆಳೆಸಿದ ಜಾತಿಯ ಬೀಜಗಳು ಸುಮಾರು 10,000 ವರ್ಷ ಹಳೆಯವು. ನಮ್ಮ ದೇಶಕ್ಕೆ ಅದು ಬಂದದ್ದು ಐರೋಪ್ಯರ ಹಡಗುಗಳ ಕಾಲದ ಬಳಿಕ. ತಮಿಳರು ಅದನ್ನು 'ಪರಂಗಿಕ್ಕಾಯ್' ಎಂದು, ಎಂದರೆ ಪರಂಗಿಯವರ, ಅಂದರೆ ಐರೋಪ್ಯರ, ಕಾಯಿ ಎಂದು ಕರೆದರು. ಕನ್ನಡಿಗರು ಪರಂಗಿ ಎಂಬ ಹೆಸರನ್ನು ಅದೇ ಖಂಡದಿಂದ ಬಂದ ಇನ್ನೊಂದು ಹಣ್ಣಿಗೆ, ಪಪ್ಪಾಯಿಗೆ, ಕೊಟ್ಟು, ಹೊಸ ಕಾಯಿಯನ್ನು ಹಳೆಯ ಕುಂಬಳದ ಮನೆತನಕ್ಕೇ ಸೇರಿಸಿಕೊಂಡರು. ಚೀನಿಕಾಯಿಯ 'ಚೀನಿ' ದೇಶವಾಚಕವೋ ಸಕ್ಕರೆಯೋ ಎಂಬುದನ್ನು ಬಲ್ಲವರು ತಿಳಿಸಬೇಕು.

ಮುಂಬಯಿ ಪೇಟೆಯ ಹೆಸರುಗಳಿಂದ ನೆರವು ಸಿಗಬಹುದೆಂದು ನೋಡಿದರೆ ತೊಡಕು ಹೆಚ್ಚುತ್ತದೆಯೇ ಹೊರತು ಬಿಡುವುದಿಲ್ಲ. ಮರಾಠಿಯಲ್ಲಿ ಬಾಗಿಲಿಗೆ ಕಟ್ಟುವ ಬೂದುಗುಂಬಳ 'ಕೋಹಳಾ', ಸಿಹಿಯದು 'ಲಾಲ ಭೋಪಳಾ', ಸೋರೆಕಾಯಿ 'ದುಧೀ'. ಆದರೆ ಗೋವೆಯ ಮತ್ತು ನಮ್ಮ ಕರಾವಳಿಯ ಕೊಂಕಣಿಗರಿಗೆ ದುದ್ದಿ, ದುದಿ ಎಂದರೆ ಸಿಹಿಗುಂಬಳ.

ಎರಡನೆಯ ಪ್ರಶ್ನೆಯೇ ಹೆಚ್ಚು ಕಠಿಣವಾದುದು. ಕಡಲೆಕಾಯಿಯನ್ನು ಸುಲಿದರೆ ಕಡಲೆಬೀಜ. ಇಲ್ಲಿ ಬೀಜ ಎಂದರೆ ಒಳಗಿನದು. ಗೇರುಬೀಜವನ್ನು ಒಡೆದರೆ ಗೋಡಂಬಿ. ಇಲ್ಲಿ ಬೀಜ ಎಂದರೆ ಸಿಪ್ಪೆಸಹಿತವಾದದ್ದು, ಕರಾವಳಿಯಲ್ಲಿ ಎರಡಕ್ಕೂ ಗೇರುಬೀಜವೆನ್ನುವ ರೂಢಿಯಿದ್ದರೂ ಕೂಡ. ಹೀಗಿರುವಾಗ ಬರಿಯ 'ಕುಂಬಳಬೀಜ' ಎಂಬುದು ಬಿಳಿಯ ಗಟ್ಟಿ ಸಿಪ್ಪೆಯ ಬೀಜವೋ ಅದರೊಳಗಿನ ಹಸಿರು ಬಣ್ಣದ ಭಾಗವೋ ಎಂದು ಕೊಳ್ಳುವವರಿಗೆ ತಿಳಿಯುವುದಿಲ್ಲ, ಮತ್ತು ಎರಡರ ಬೆಲೆಯೂ ಒಂದೇ ಅಲ್ಲ. 'ತಿರುಳು' ಎನ್ನೋಣವೆಂದರೆ, 'ಕುಂಬಳದ ತಿರುಳು' ಪಲ್ಯಕ್ಕೆ ಹೆಚ್ಚುವ ಭಾಗವಾಗಿಬಿಡುತ್ತದೆ. 'ಬೇಳೆ' ಎಂಬುದು ಹಲಸಿನ ಬೀಜದ ವಿಷಯದಲ್ಲಿ ಕರಾವಳಿಯವರ ಬಾಯಲ್ಲಿದೆ, ಉಳಿದವರಿಗೆ ಅದು ತೊಗರಿಯನ್ನು ನೆನಪಿಸುತ್ತದೆ. ಇಲ್ಲಿನ ಕಿರಾಣಿ ಅಂಗಡಿಗಳಲ್ಲಿ 'ಮಗಜ್' ಎಂಬ ಒಳ್ಳೆಯ ಮಾತಿದೆ. ಮಿಠಾಯಿಗೂ ಗಸಿಗೂ ಬಳಸುವ 'ಚಾರ್ ಮಗಜ್' ಎಂದರೆ ಕಲ್ಲಂಗಡಿ, ಕರಬೂಜ, ಸೌತೆ, ಕುಂಬಳ ಈ ನಾಲ್ಕರ ಸುಲಿದ ಬೀಜ. ಅದನ್ನು ಎರವಲು ಪಡೆಯಲು ನನಗೇನೂ ಸಂಕೋಚವಿಲ್ಲ, ಆದರೆ ಊರಿನ ಓದುಗರಿಗೆ ಅದು ಅಪರಿಚಿತ.

'ಸಿಹಿಗುಂಬಳದ ಸುಲಿದ ಬೀಜ' ಎಂಬುದು ಸದ್ಯಕ್ಕೆ ನಾನು ಗೀಚಿಕೊಂಡಿರುವ ಹೆಸರು. ಇದಕ್ಕೂ ಒಂದು ಆಕ್ಷೇಪವಿದೆ. ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತದಲ್ಲಿ ಎಣ್ಣೆಗಾಗಿ ಬೆಳೆಯುವ ತಳಿಯ ಬೀಜಕ್ಕೆ ಗಟ್ಟಿ ಸಿಪ್ಪೆಯೇ ಬೆಳೆಯುವುದಿಲ್ಲ; ಅಂಥ ಬೀಜ ಬಂದರೆ ಯಾರೂ ಸುಲಿಯದ ವಸ್ತುವನ್ನು ಸುಲಿದದ್ದೆಂದು ಕರೆದಂತಾಗುತ್ತದೆ. 'ಹಸಿರು ಕುಂಬಳಬೀಜ' ಎಂದರೆ ಈ ಆಕ್ಷೇಪ ತಪ್ಪುತ್ತದೆ, ಆದರೆ ಎಳೆಯ ಬೀಜವೆಂಬ ಅರ್ಥ ನುಸುಳುತ್ತದೆ.

ರುಚಿಯ ವಿಷಯವನ್ನು ನಾನು ದೊಡ್ಡದು ಮಾಡುವುದಿಲ್ಲ. 'ಪುದೀನಾ ಸ್ವಾದಯುಕ್ತ' ಎಂಬ ಜಾಹೀರಾತಿನ ಕನ್ನಡ ನನಗೆ ಒಗ್ಗದು. ಖಾರಾ ಬೂಂದಿ, ಮಸಾಲೆ ಶೇಂಗಾ ಎನ್ನುವಂತೆ 'ಪುದೀನಾ ಕುಂಬಳಬೀಜ' ಎಂದರೆ ಸಾಕು.

ಓದುಗ ಬಳಗದವರಲ್ಲಿ ನನ್ನ ವಿನಂತಿಯಿಷ್ಟು: ಕುಂಬಳ, ಸೌತೆ, ಕಲ್ಲಂಗಡಿಗಳ ಬೀಜವನ್ನು ಒಣಗಿಸಿ ಸುಲಿದು ತಿನ್ನುವ ರೂಢಿ ನಿಮ್ಮ ಮನೆಗಳಲ್ಲಿ ಇದ್ದರೆ, ಸುಲಿದ ಮೇಲೆ ಒಳಗೆ ಸಿಗುವುದನ್ನು ಹಿರಿಯರು ಏನೆಂದು ಕರೆಯುತ್ತಿದ್ದರು ಎಂಬುದನ್ನು ಊರಿನ ಹೆಸರಿನೊಂದಿಗೆ ತಿಳಿಸಿರಿ. ಬಯಲುಸೀಮೆಯ ಬಳಕೆ ನನಗೆ ಬಹಳ ಕಡಿಮೆ ಗೊತ್ತಿರುವುದರಿಂದ ಅತ್ತಣ ಉತ್ತರಗಳು ಹೆಚ್ಚು ಬೇಕಾಗಿವೆ.