ಆಯಿಲಿನ "ಜಿಗಿ" ಹೋಗೇತಿ: ಈ ಜಿಗಿ ಅಂದರೆ ಏನು?

ಎಲ್ಲರಿಗೂ ನಮಸ್ಕಾರ್ರಿ.

ಒಂದು ಪದ ಒಂದು ವಾರದಿಂದ ತಲೆಯಲ್ಲಿ ಕೂತಿದೆ. ಹೋದ ಐತವಾರ ಧಾರವಾಡದ ನಮ್ಮ ಮನೆ ಅಂಗಳದಲ್ಲಿ ನನ್ನ ಹಳೇ ಸ್ಪ್ಲೆಂಡರ್ ಗಾಡಿಯ ಆಯಿಲ್ ನಾನೇ ಬದಲಿಸಿದೆ. ನಾಲ್ಕು ನಿಮಿಷ ಗಾಡಿ ಚಾಲೂ ಇಟ್ಟು ಆಯಿಲ್ ಬಿಸಿ ಮಾಡಿ, ಡಬಲ್ ಸ್ಟ್ಯಾಂಡ್ ಹಾಕಿ, ಕೆಳಗೊಂದು ಹಳೇ ತಗಡಿನ ಬುಟ್ಟಿ ಇಟ್ಟು, 17 ನಂಬರ್ ಪಾನಾದಿಂದ ಡ್ರೇನ್ ಬೋಲ್ಟ್ ಬಿಚ್ಚಿದೆ. ಕರ್‍ರಗಿನ ಆಯಿಲ್ ಮೊದಲು ಬೆರಳು ದಪ್ಪ ಸುರಿಯಿತು, ಆಮೇಲೆ ದಾರದಷ್ಟಾಯಿತು, ಆಮೇಲೆ ಹನಿ. ಅಷ್ಟರಲ್ಲಿ ಬಾಜೂ ಮನೆಯ ಕಾಕಾ ಬಂದರು. ಮೂವತ್ತು ವರ್ಷ ಹಳೇ ಹುಬ್ಬಳ್ಳಿಯಲ್ಲಿ ಗಾಡಿ ರಿಪೇರಿ ಮಾಡಿದವರು. ಬುಟ್ಟಿಯಲ್ಲಿ ತೋರುಬೆರಳು ಅದ್ದಿ, ಹೆಬ್ಬೆರಳಿಗೆ ತಿಕ್ಕಿ, ಎರಡೂ ಬೆರಳನ್ನು ನಿಧಾನಕ್ಕೆ ಬಿಡಿಸಿ ನೋಡಿದರು.

"ಇದರಾಗ ಜಿಗಿ ಉಳದಿಲ್ಲಪಾ ತಮ್ಮಾ. ನೀರಾಗೇತಿ. ಇಷ್ಟ ದಿನ ಯಾಕ ಬಿಟ್ಟಿದ್ದಿ?"

ಆಮೇಲೆ ಹೊಸ ಡಬ್ಬಿಯ ಒಂದು ಹನಿ ನನ್ನ ಬೆರಳಿಗೇ ಹಚ್ಚಿಸಿದರು. ಹೌದು, ಎರಡು ಬೆರಳಿನ ನಡುವೆ ಸಣ್ಣ ಎಳೆಯೊಂದು ಎದ್ದು, ಒಂದು ಕ್ಷಣ ನಿಂತು ಹರಿಯಿತು. ಹಳೆಯದರಲ್ಲಿ ಆ ಎಳೆ ಏಳಲೇ ಇಲ್ಲ. ನಾನು ಬಣ್ಣ ನೋಡುತ್ತಿದ್ದೆ, ಅವರು ಬಣ್ಣದ ಮಾತೇ ಎತ್ತಲಿಲ್ಲ. ಆಯಿಲ್ ಕಪ್ಪಾದ ಮಾತ್ರಕ್ಕೆ ಕೆಟ್ಟಿತು ಅನ್ನುವ ಹಾಗಿಲ್ಲ. ಎಂಜಿನ್ನಿನ ಕಿಟ್ಟ ತೊಳೆದುಕೊಂಡು ಬಂದರೂ ಅದು ಕಪ್ಪಾಗುತ್ತದೆ.

ಜಿಗಿ ಅನ್ನುವುದನ್ನು ನಾನು ಸಣ್ಣವನಿದ್ದಾಗಿಂದ ಕೇಳಿದ್ದು ಅಡುಗೆಮನೆಯಲ್ಲಿ. ಜ್ವಾಳದ ಹಿಟ್ಟು ಹಳೇದಾದರೆ ಅವ್ವ "ಹಿಟ್ಟಿಗೆ ಜಿಗಿ ಇಲ್ಲ, ರೊಟ್ಟಿ ಹರೀತಾವ" ಅನ್ನುತ್ತಾಳೆ. ಗೋದಿಯಲ್ಲಿರುವ ಅಂಟು ಜ್ವಾಳದಲ್ಲಿಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ನಾದುವುದು. ಆ ಬಿಸಿಗೆ ಹಿಟ್ಟಿನ ಪಿಷ್ಟ ಬೆಂದು ಜಿಗಿ ಹಿಡಿಯುತ್ತದೆ. ಮಳೆ ಬಿದ್ದ ಎರಿ ಮಣ್ಣಿಗೂ ಜಿಗಿ ಅನ್ನುತ್ತೇವೆ. ನವಲಗುಂದ, ಅಣ್ಣಿಗೇರಿ ಕಡೆ ಹೊಲದಲ್ಲಿ ಚಪ್ಪಲಿ ಬಿಟ್ಟು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಟ್ಟು, ಮಣ್ಣು, ಎಂಜಿನ್ ಆಯಿಲ್ ಮೂರಕ್ಕೂ ಒಂದೇ ಮಾತು ಸಲ್ಲುತ್ತದಲ್ಲ, ಅದು ನನಗೆ ಬಹಳ ಹಿಡಿಸಿತು.

ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ನಾವು ಓದಿದ್ದು "ಸ್ನಿಗ್ಧತೆ". ದ್ರವ ಹರಿಯುವಾಗ ಒಳಗೇ ಒಂದು ಪದರ ಇನ್ನೊಂದು ಪದರವನ್ನು ಹಿಡಿದೆಳೆಯುವ ಗುಣಕ್ಕೆ ಆ ಹೆಸರು. ಪರೀಕ್ಷೆಗೆ ಬರೆದು ಮಾರ್ಕ್ಸ್ ತಗೊಂಡೆ, ಆದರೆ ಆ ಪದ ಒಂದು ದಿನವೂ ಬೆರಳಿಗೆ ತಾಗಲಿಲ್ಲ. ಸ್ನಿಗ್ಧ ಅಂದರೆ ಸಂಸ್ಕೃತದಲ್ಲಿ ಎಣ್ಣೆಪಸೆ ಇರುವುದು, ಅಕ್ಕರೆ ಇರುವುದು ಎಂದೂ ಹೌದು; ಸ್ನೇಹ ಅದರದೇ ಒಡಹುಟ್ಟು. ಜೇನಿನಲ್ಲಿ ಎಣ್ಣೆಪಸೆ ಎಲ್ಲಿದೆ? ಆದರೆ ಜೇನು ಎಂಜಿನ್ ಆಯಿಲಿಗಿಂತ ನಿಧಾನ ಹರಿಯುತ್ತದೆ. ಎಣ್ಣೆಪಸೆಗೆ ನಮ್ಮಲ್ಲಿ "ಜಿಡ್ಡು" ಇದ್ದೇ ಇದೆ: ಆಯಿಲ್ ಬದಲಿಸಿ ಎರಡು ಸಲ ಸಾಬೂನು ಹಚ್ಚಿದರೂ ಕೈಗೆ ಉಳಿಯುವುದು ಜಿಡ್ಡು. ಕಾಕಾ ಬಿಸಾಕು ಅಂದ ಆ ಆಯಿಲಿನಲ್ಲಿ ಜಿಡ್ಡು ಪೂರಾ ಇತ್ತು, ಜಿಗಿ ಮಾತ್ರ ಹೋಗಿತ್ತು. ಎರಡೂ ಬೇರೆ ಬೇರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ ಅನಿಸುತ್ತದೆ.

ಡಬ್ಬಿಯ ಮೇಲಿನ 10ಡಬ್ಲ್ಯೂ-30 ಅನ್ನುವುದೂ ಜಿಗಿಯ ಲೆಕ್ಕವೇ. ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಮೊದಲಿನ ಅಂಕಿ ಥಂಡಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಅನ್ನುವುದಕ್ಕೆ, ಎರಡನೆಯದು 100 ಡಿಗ್ರಿ ಬಿಸಿಯಲ್ಲಿ ಎಷ್ಟು ಜಿಗಿ ಉಳಿಸಿಕೊಳ್ಳುತ್ತದೆ ಅನ್ನುವುದಕ್ಕೆ. ನಮ್ಮ ಬೈಕುಗಳಲ್ಲಿ ಎಂಜಿನ್, ಗೇರು, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಜಿಗಿ ಕಾಯಲೆಂದು ಅದರಲ್ಲಿ ಬೆರೆಸಿದ ಉದ್ದನೆಯ ಅಣುಸರಪಳಿಗಳನ್ನು ಗೇರಿನ ಹಲ್ಲುಗಳು ಅರೆದು ತುಂಡು ಮಾಡುತ್ತವೆ. ಕಾಕಾ "ನೀರಾಗೇತಿ" ಅಂದದ್ದು ಇದಕ್ಕೇ.

ಇನ್ನೊಂದು ಮಾತು "ಜಾರು". ಹಿಂದೊಮ್ಮೆ ಮನೆಯಲ್ಲಿ ಉಳಿದಿದ್ದ ಕಾರಿನ ಆಯಿಲನ್ನೇ ಬೈಕಿಗೆ ಹಾಕಿದ್ದೆ. ವಾರದೊಳಗೆ ಕ್ಲಚ್ ಜಾರತೊಡಗಿತು, ಎಂಜಿನ್ ಒದರುತ್ತದೆ, ಗಾಡಿ ಏರು ಹತ್ತುವುದಿಲ್ಲ. ಕೆಲವು ಕಾರ್ ಆಯಿಲಿನಲ್ಲಿ ತಿಕ್ಕಾಟ ಕಡಿಮೆ ಮಾಡುವ ಮದ್ದು ಬೆರೆಸಿರುತ್ತಾರೆ, ಆಯಿಲಿನಲ್ಲೇ ಮುಳುಗಿರುವ ಬೈಕಿನ ಕ್ಲಚ್ಚಿಗೆ ಅದು ಆಗಿಬರುವುದಿಲ್ಲ. ಡಬ್ಬಿ ಮೇಲೆ ಜಾಸೋ ಎಂಎ (ಇಂಥ ಕ್ಲಚ್ಚಿಗೆ ಆಗಿಬರುವ ಆಯಿಲಿನ ಗುರುತು) ಅಂತ ಇದೆಯೋ ನೋಡಿ ತಗೋಬೇಕು. ಅಂದರೆ ಜಾರು ಹೆಚ್ಚಿದರೂ ಕೆಲಸ ಕೆಡುತ್ತದೆ.

ಜಿಗಿ ಪದಕ್ಕೂ ಒಂದು ತೊಡಕಿದೆ. "ಜಿಗಿ" ಅಂದರೆ ಹಾರು ಎಂಬ ಕ್ರಿಯಾಪದವೂ ನಮ್ಮಲ್ಲಿ ದಿನಾ ಬಳಕೆಯಲ್ಲಿದೆ. ಮಾತಿನಲ್ಲಿ ಗೊಂದಲ ಆಗುವುದಿಲ್ಲ, ಬರಹದಲ್ಲಿ "ಜಿಗಿಯ ಅಳತೆ" ಅಂದರೆ ಓದಿದವರು ಹನುಮಪ್ಪನನ್ನು ನೆನೆಸಿಕೊಂಡಾರು. "ಜಿಗುಟು" ಅಂದರೆ ಅಂಟಿಕೊಳ್ಳುವ ಕಡೆಗೇ ಅರ್ಥ ವಾಲುತ್ತದೆ. ನನ್ನ ಮಟ್ಟಿಗೆ ಜಿಗಿಯೇ ಸರಿ.

ನನ್ನ ಪ್ರಶ್ನೆ ಇಷ್ಟು. ಗದಗ, ಹಾವೇರಿ ಕಡೆ ಗ್ಯಾರೇಜುಗಳಲ್ಲಿ ಇದಕ್ಕೆ ಏನನ್ನುತ್ತಾರೆ? ಗಾಣದವರು ಶೇಂಗಾ ಎಣ್ಣಿಗೂ ಕುಸುಬಿ ಎಣ್ಣಿಗೂ ಇರುವ ದಪ್ಪದ ವ್ಯತ್ಯಾಸವನ್ನು ಯಾವ ಪದದಲ್ಲಿ ಹೇಳುತ್ತಾರೆ? ಮತ್ತೆ ಚಕ್ಕಡಿ ಹೂಡಿದ ಹಿರಿಯರು ಮನೆಯಲ್ಲಿದ್ದರೆ ದಯವಿಟ್ಟು ಕೇಳಿ: ಹುಲ್ಲು ಸುಟ್ಟ ಕರಿಗೆ ಔಡಲೆಣ್ಣಿ ಕಲಸಿ ಕೀಲೆಣ್ಣಿ ಮಾಡುವಾಗ, ಹದ ಬಂತು ಅನ್ನುವುದಕ್ಕೆ ಏನು ಹೇಳುತ್ತಿದ್ದರು? ಕ್ಯಾಸ್ಟ್ರಾಲ್ ಅನ್ನುವ ಹೆಸರು ಹುಟ್ಟಿದ್ದೂ ಅದೇ ಔಡಲೆಣ್ಣೆಯಿಂದ, ಇಂಗ್ಲಿಷಿನ ಕ್ಯಾಸ್ಟರ್ ಆಯಿಲಿನಿಂದ. ಅವರು ಹೇಳಿದ್ದನ್ನು ತಿದ್ದದೆ, ಅವರ ಬಾಯಲ್ಲಿ ಬಂದ ಹಾಗೆಯೇ ಬರೆಯಿರಿ.